ಒಂದೂವರೆ ಸೋಪಿನ ಪಾದ

ಕಂದು ಟೇಪನ್ನು ಎಳೆದಾಗ ಬರುವ ಕರಕರ ಸದ್ದು, ರಟ್ಟಿನ ಪೆಟ್ಟಿಗೆಯೊಳಗಿಂದ ಏಳುವ ಸ್ನಾನದ ಸೋಪಿನ ವಾಸನೆ. ಮೊನ್ನೆ ಬೆಳಿಗ್ಗೆ ಎರಡೂ ಒಟ್ಟಿಗೆ ಬಂದವು, ನನ್ನ ಕೈ ಅಲ್ಲೇ ನಿಂತಿತು.

ನಾವು ಕತಾರ್‌ನ ಅಲ್ ಖೋರ್ ಬಿಟ್ಟು ಊರಿಗೆ ಹೊರಟಿದ್ದೇವೆ. ನಾನು ಕ್ಲಿನಿಕ್‌ನ ಕೆಲಸದಿಂದ ನಿವೃತ್ತಳಾಗಿ ಕೆಲವು ವರ್ಷಗಳಾದವು. ಈಗ ಯಜಮಾನರದೂ ಮುಗಿಯಿತು. ಕಾರ್ಗೋ ಅಂಗಡಿಯಿಂದ ತಂದ ಪೆಟ್ಟಿಗೆಗಳು ಹಾಲ್‌ನಲ್ಲಿ ಬಾಯಿ ತೆರೆದು ಕುಳಿತಿವೆ. ಹಾಕಿದ್ದನ್ನು ತೆಗೆಯುತ್ತೇನೆ, ತೆಗೆದದ್ದನ್ನು ಮತ್ತೆ ಹಾಕುತ್ತೇನೆ. ನರ್ಸಿಂಗ್ ಹಾಸ್ಟೆಲ್‌ನಲ್ಲಿ ಗಂಟೆ ಹೊಡೆದರೆ ಎದ್ದು, ಗಂಟೆ ಹೊಡೆದರೆ ಉಂಡು ಬೆಳೆದವಳು ನಾನು. ಕೈಗೆ ಬಿಡುವೂ ಇಲ್ಲದೆ, ಕೆಲಸವೂ ಮುಗಿಯದೆ ಹೀಗೆ ಅತ್ತಿಂದಿತ್ತ ತಿರುಗುವುದು ನನಗೆ ಹೊಸದು.

"ಒಮ್ಮೆ ಖಲಾಸ್ ಮಾಡು ಮಾರಾಯ್ತಿ," ಎಂದರು ಯಜಮಾನರು. "ನೀನೂ ಪಕ್ಕದ ಮನೆಯವಳ ಹಾಗೆ ಶುರು ಮಾಡಿದೆಯಲ್ಲ!"

ಹೌದು, ಅವಳ ಹಾಗೆಯೇ...

ಅವಳು ಫಿಲಿಪೈನ್ಸ್‌ನವಳು. ಒಂದೇ ವಿಲ್ಲಾಕ್ಕೆ ನಡುವೆ ತೆಳು ಗೋಡೆ ಹಾಕಿ ಬಾಡಿಗೆಗೆ ಕೊಟ್ಟಿದ್ದರು; ಈಚೆ ನಾವು, ಆಚೆ ಅವಳು. ಮಾಲ್‌ನ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಮಾಡುವ ಕೆಲಸ. ನನ್ನನ್ನು 'ಆತೆ' ಎಂದು ಕರೆಯುತ್ತಿದ್ದಳು. ಅವರ ಭಾಷೆಯಲ್ಲಿ ಹಾಗೆಂದರೆ ಅಕ್ಕ. ನಮ್ಮ ಮಾತು ಮುರುಕು ಇಂಗ್ಲಿಷ್‌ನಲ್ಲಿ, ಅದು ಸಾಲದಿದ್ದರೆ ಯಲ್ಲಾ, ಮಾಫಿ ಎಂಬ ಅರಬಿ ಚೂರುಗಳಲ್ಲಿ. ಕರೆಯಬೇಕಾದರೆ ಗೋಡೆ ತಟ್ಟಿದರೆ ಆಯಿತು. ಒಣಮೀನು ಹುರಿದ ದಿನ ತಟ್ಟುವುದೂ ಬೇಕಿರಲಿಲ್ಲ, ತಟ್ಟೆ ಹಿಡಿದು ಅವಳೇ ಬಾಗಿಲಲ್ಲಿ ಇರುತ್ತಿದ್ದಳು.

ಅವಳ ಕೋಣೆಯ ನಡುವೆ ಸೊಂಟದೆತ್ತರದ ರಟ್ಟಿನ ಪೆಟ್ಟಿಗೆಯೊಂದು ಸದಾ ಅರ್ಧ ತುಂಬಿ ನಿಂತಿರುತ್ತಿತ್ತು. ಹಡಗಿನಲ್ಲಿ ಊರಿಗೆ ಹೋಗುವ ಪೆಟ್ಟಿಗೆ ಅದು. ಇಲ್ಲಿ ದುಡಿಯುವ ಅವರ ಜನರೆಲ್ಲ ಹಾಗೆಯೇ, ಇಂದು ಒಂದು ಟಿನ್, ನಾಳೆ ಒಂದು ಟವೆಲ್, ಆಚೆ ವಾರ ಒಂದು ಸೋಪು ಎಂದು ತಿಂಗಳುಗಟ್ಟಲೆ ತುಂಬುತ್ತಾರೆ. ಒಂದು ಹೋದ ಮರುದಿನವೇ ಅದೇ ಜಾಗದಲ್ಲಿ ಇನ್ನೊಂದು.

"ಎಂತ, ಅವಳು ಪತ್ತಾಯ ಇಟ್ಟಿದ್ದಾಳಾ?" ಎಂದು ಯಜಮಾನರು ನಗುತ್ತಿದ್ದರು. ಪತ್ತಾಯವೆಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ಭತ್ತ ತುಂಬಿಡುವ ದೊಡ್ಡ ಮರದ ಪೆಟ್ಟಿಗೆ.

ನನಗೆ ನಗು ಬರುತ್ತಿರಲಿಲ್ಲ. ಅರ್ಧಕ್ಕೆ ನಿಂತ ಕೆಲಸ ಕಂಡರೆ ನನಗೆ ಆಗದು. "ತುಂಬು, ಮುಚ್ಚು, ಕಳಿಸು," ಎಂದು ಒಮ್ಮೆ ಗದರಿದೆ.

"ಮುಚ್ಚಿಬಿಟ್ಟರೆ ಸಂಜೆ ಹೊತ್ತು ಏನು ಮಾಡಲಿ, ಆತೆ?" ಎಂದಳು.

ಮುಚ್ಚಳದ ಮೇಲೆ ಬೆರಳಾಡಿಸಿ ಅವಳು ಪೆಟ್ಟಿಗೆಯ ದಾರಿ ತೋರಿಸುತ್ತಿದ್ದಳು. ಕೊಲ್ಲಿ ದಾಟಿ ಅರಬ್ಬೀ ಸಮುದ್ರ, ಲಂಕೆಯನ್ನು ಸುತ್ತಿ ಮಲಕ್ಕಾ ಜಲಸಂಧಿ, ಆಮೇಲೆ ಮನಿಲಾ. ಅಲ್ಲಿಂದ ಲಾರಿ, ಫೆರಿ, ಕೊನೆಗೆ ಎರಡೂ ಬದಿಗೆ ಬಿದಿರಿನ ರೆಕ್ಕೆ ಕಟ್ಟಿದ ಸಣ್ಣ ದೋಣಿ. ಸಾವಿರಾರು ದ್ವೀಪಗಳ ದೇಶದಲ್ಲಿ ಅವಳದು ಒಂದು ಚುಕ್ಕೆ. ಅಲ್ಲೂ ನಮ್ಮ ಹಾಗೆ ತೆಂಗು, ಹಲಸು; ಕುಚ್ಚಲಕ್ಕಿಯದು ಅಲ್ಲದಿದ್ದರೂ ಮೂರು ಹೊತ್ತೂ ಅನ್ನ. ನಮ್ಮ ಕಡೆ ಪೋರ್ಚುಗೀಸರು ಇಗರ್ಜಿಗಳನ್ನು ಬಿಟ್ಟುಹೋದ ಹಾಗೆ ಅವರಲ್ಲಿ ಸ್ಪೇನ್‌ನವರು ಇಗರ್ಜಿ, ಹಬ್ಬ, ಮನೆತನದ ಹೆಸರುಗಳನ್ನೂ ಬಿಟ್ಟುಹೋಗಿದ್ದರು. ನಮಗೆ ಮುಂಗಾರು ತರುವ ನೈಋತ್ಯದ ಗಾಳಿಯೇ ಅವರಿಗೂ ಮಳೆ ತರುತ್ತಿತ್ತು. ಆದರೆ ಚಂಡಮಾರುತಗಳು ಅವರ ಪಾಲಿಗೆ ಹೆಚ್ಚು. ಗಾಳಿಯ ಎಚ್ಚರಿಕೆ ಬಂದರೆ ದೋಣಿಗಳು ದಡ ಸೇರುತ್ತವೆ, ಪೆಟ್ಟಿಗೆ ಎಲ್ಲಿದೆಯೋ ಅಲ್ಲೇ.

ಆ ಚುಕ್ಕೆಯಲ್ಲಿ ಅವಳ ಮಗಳಿದ್ದಳು. ಮಗು ಗೋಡೆ ಹಿಡಿದು ನಡೆಯುವ ಹೊತ್ತಿಗೆ ತನ್ನ ತಾಯಿಯ ಕೈಗೆ ಒಪ್ಪಿಸಿ ಇವಳು ಕತಾರ್‌ಗೆ ಬಂದಿದ್ದಳು. ಗಂಡ ಎಲ್ಲಿದ್ದ ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಮಗಳು ಶಾಲೆ ಸೇರಿದ ಮೇಲೆ ಅವಳು ಊರಿಗೆ ಹೋಗಿಯೇ ಇರಲಿಲ್ಲ.

ಮಗಳಿಗೆ ಶಾಲೆಯ ಕಪ್ಪು ಶೂ ಪ್ರತಿ ವರ್ಷ ಇಲ್ಲಿಂದಲೇ ಹೋಗಬೇಕು. ಅಳತೆ? ಅಜ್ಜಿ ಹುಡುಗಿಯ ಪಾದದ ಪಕ್ಕ ಸೋಪಿನ ಬಿಲ್ಲೆಯೊಂದನ್ನು ಇಟ್ಟು ಫೋಟೊ ತೆಗೆಸಿ ಕಳಿಸುತ್ತಿದ್ದಳು. ಅದೇ ಸೋಪು ಇವಳ ಕೈಯಲ್ಲೂ ಇರುತ್ತಿತ್ತು. "ಈ ಸಲ ಒಂದೂವರೆ ಸೋಪು, ಆತೆ!" ಎಂದು ಗೋಡೆ ತಟ್ಟಿ ಕೂಗುತ್ತಿದ್ದಳು. ಅಳತೆಯ ಟೇಪು ಕೊಡುತ್ತೇನೆ ಎಂದರೆ ಬೇಡ ಎನ್ನುತ್ತಿದ್ದಳು. ಅಮ್ಮನಿಗೆ ಕನ್ನಡಕವಿಲ್ಲ, ಸೋಪಾದರೆ ಕಾಣುತ್ತದೆ. ಅಂಗಡಿಯಲ್ಲಿ ಶೂ ಕೊಳ್ಳುವಾಗ ಮಾತ್ರ ಒಂದು ಸೈಜು ದೊಡ್ಡದನ್ನೇ ಆರಿಸುತ್ತಿದ್ದಳು. ಪೆಟ್ಟಿಗೆ ಹೋಗಿ ಮುಟ್ಟುವಷ್ಟರಲ್ಲಿ ಕಾಲು ಬೆಳೆದಿರುತ್ತದಲ್ಲ. ಆ ಒಂದು ಸೈಜು ಸಮುದ್ರದ ಪಾಲು ಎನ್ನುತ್ತಿದ್ದಳು.

ಆ ವರ್ಷ ಮಗಳು ಆರನೇ ತರಗತಿ ಮುಗಿಸುವವಳಿದ್ದಳು. ಅವರಲ್ಲಿ ಅದು ದೊಡ್ಡ ಸಮಾರಂಭ. ಪ್ರತಿ ಮಗುವನ್ನೂ ತಾಯಿಯೋ ತಂದೆಯೋ ಕೈಹಿಡಿದು ವೇದಿಕೆಯ ತನಕ ನಡೆಸಿಕೊಂಡು ಹೋಗಬೇಕು. ಶೂ ಇದ್ದ ಪೆಟ್ಟಿಗೆ ಮೊದಲೇ ಹೊರಟಿತ್ತು. ಆದರೆ ಕ್ರಿಸ್‌ಮಸ್ಸಿನ ಗದ್ದಲದಲ್ಲಿ ಮನಿಲಾದ ಬಂದರಿನಲ್ಲಿ ಸಿಕ್ಕಿಕೊಂಡಿತು, ಮೇಲಿಂದ ಒಂದು ಚಂಡಮಾರುತ. ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಫೋನ್ ನೋಡುವುದು, ಬಾಗಿಲಿಗೆ ಬರುವುದು, ಹೊಸ ಪೆಟ್ಟಿಗೆಗೆ ಹಾಕಿದ್ದನ್ನು ತೆಗೆದು ಮತ್ತೆ ಹಾಕುವುದು. ನಾನು ಅನ್ನಕ್ಕಿಟ್ಟು ಬಂದು ಕೂತರೆ ಅವಳ ನಡಿಗೆ ಗೋಡೆಯಾಚೆ ಕೇಳುತ್ತಿತ್ತು.

ಒಂದು ಶುಕ್ರವಾರ ನಾನೇ ಹೋಗಿ ಹೇಳಿದೆ. "ಶೂ ಕಳಿಸಿದ್ದು ಸಾಕು. ನೀನು ಹೋಗು."

ಅವಳು ಪೆಟ್ಟಿಗೆಯ ಅಂಚು ಹಿಡಿದು ನಿಂತಳು. "ನಾನು ಕೈ ಚಾಚಿದಾಗ ಅವಳು ಅಜ್ಜಿಯ ಕೈ ಹಿಡಿದರೆ? ಎಲ್ಲರ ಎದುರು, ಆತೆ..."

"ಹಿಡಿದರೆ ಹಿಡಿಯಲಿ. ಇನ್ನೊಂದು ಕೈ ಉಂಟಲ್ಲ," ಎಂದೆ.

ಮ್ಯಾನೇಜರ್ ಮುಖ ಸಿಂಡರಿಸಿ ರಜೆ ಕೊಟ್ಟ. ಹೊಸ ಫೋಟೊ ತರಿಸಿ, ಸೋಪಿನಲ್ಲಿ ಅಳೆದು, ಮತ್ತೊಂದು ಜೊತೆ ಶೂ ಕೊಂಡಳು. ಈ ಸಲ ಕೈಚೀಲದಲ್ಲೇ ಹೋಗುವುದರಿಂದ ಸಮುದ್ರದ ಪಾಲು ಸೇರಿಸಲಿಲ್ಲ. ಅಂಗಡಿಯಲ್ಲಿ ತೊಡುತ್ತಿದ್ದ ಕಪ್ಪು ಶೂಗಳನ್ನೇ ಮೆಟ್ಟಿಕೊಂಡು, ಕೂದಲು ಸರಿಯಾಗಿ ಕಟ್ಟದೆ, ಟ್ಯಾಕ್ಸಿ ಹತ್ತಿದಳು. ಅರ್ಧ ತುಂಬಿದ ಪೆಟ್ಟಿಗೆ ಕೋಣೆಯ ನಡುವೆಯೇ ಇತ್ತು.

ಸಮಾರಂಭದ ದಿನ ನನ್ನ ಮನಸ್ಸು ಯಾವ ಕೆಲಸದ ಮೇಲೂ ನಿಲ್ಲಲಿಲ್ಲ. ಮಧ್ಯಾಹ್ನ ಫೋನಿಗೆ ಚಿತ್ರ ಬಂತು. ಬಣ್ಣದ ಕಾಗದ ಕಟ್ಟಿದ ವೇದಿಕೆ, ಬಿಳಿ ಉಡುಪಿನ ಹುಡುಗಿ. ಅವಳ ಒಂದು ಕೈ ಅಜ್ಜಿಯ ಕೈಯಲ್ಲಿ, ಇನ್ನೊಂದು ಇವಳ ಕೈಯಲ್ಲಿ. ಇವಳು ಒಳ್ಳೆಯ ಫ್ರಾಕು ತೊಟ್ಟು, ಕಾಲಿಗೆ ಹವಾಯಿ ಚಪ್ಪಲಿ ಹಾಕಿದ್ದಳು! ನಾನು ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಹುಡುಗಿಯ ಕಾಲಿನಲ್ಲಿದ್ದದ್ದು ತಾಯಿಯ ಶೂ, ಅಂಗಡಿಯಲ್ಲಿ ನಿಂತು ನಿಂತು ಹಿಮ್ಮಡಿ ಸವೆದದ್ದು.

ಕೆಳಗೆ ಬರೆದಿದ್ದಳು: "ಹೊಸ ಶೂ ಕಾಲಿಗೆ ಹೋಗಲೇ ಇಲ್ಲ, ಆತೆ. ನನ್ನದು ಸರಿಯಾಯಿತು."

ಸೋಪು ಮೋಸ ಮಾಡಿತ್ತು. ಅದಕ್ಕೂ ಮೊದಲು ಊರು ಮುಟ್ಟಿದ್ದ ಪೆಟ್ಟಿಗೆಯಲ್ಲಿ ಆಫರ್ ಎಂದು ದೊಡ್ಡ ಬಿಲ್ಲೆಗಳನ್ನು ಕಳಿಸಿದ್ದಳು. ಅಜ್ಜಿ ಅದರಲ್ಲೊಂದನ್ನೇ ಪಾದದ ಪಕ್ಕ ಇಟ್ಟಿದ್ದಳು. ಇಲ್ಲಿ ಇವಳು ಅಳೆದದ್ದು ಸಣ್ಣ ಬಿಲ್ಲೆಯಲ್ಲಿ.

ರಜೆ ಮುಗಿದರೂ ಅವಳು ಮರಳಲಿಲ್ಲ. "ಒಮ್ಮೆ ಕೈ ಹಿಡಿದಿದ್ದಾಳೆ, ಬಿಡಿಸಿಕೊಂಡು ಹೇಗೆ ಬರಲಿ?" ಎಂದು ಫೋನಿನಲ್ಲಿ ಕೇಳಿದಳು. ಮನೆ ನೋಡಿಕೊಳ್ಳುವವನು ಕೋಣೆ ಖಾಲಿ ಮಾಡಿಸಲು ಬಂದಾಗ ಪೆಟ್ಟಿಗೆಯನ್ನು ನಮ್ಮ ಕಡೆ ತಂದೆ. ಉಳಿದ ಜಾಗಕ್ಕೆ ನಮ್ಮ ಊರಿನ ಗೇರುಬೀಜ, ಒಂದಿಷ್ಟು ಟವೆಲ್ ತುಂಬಿ, ನಾನೇ ಟೇಪು ಎಳೆದು ಮುಚ್ಚಿ ಕಳಿಸಿದೆ. ಮುಟ್ಟಿತು ಎಂದು ಸುದ್ದಿ ಬಂತು, ಗೇರುಬೀಜ ತಿನ್ನುವ ಹುಡುಗಿಯ ಚಿತ್ರವೂ ಬಂತು. ಅದೇ ಕೊನೆಯ ಚಿತ್ರ. ಮುಂದಿನ ಮಳೆಗಾಲದಲ್ಲಿ ಆ ಕಡೆ ಒಂದು ದೊಡ್ಡ ಗಾಳಿ ಬೀಸಿತು. ಆ ದ್ವೀಪ ವಾರ್ತೆಯಲ್ಲಿ ಹೆಸರು ಬರುವಷ್ಟು ದೊಡ್ಡದಲ್ಲ. ನಾನು ಕಳಿಸಿದ ಸಂದೇಶಗಳ ಪಕ್ಕ ಇಂದಿಗೂ ಒಂದೇ ಟಿಕ್ ಗುರುತು ಇದೆ; ಮುಟ್ಟಿದ್ದರೆ ಎರಡು ಬರಬೇಕಿತ್ತು. ಫೋನ್ ಹಾಳಾಗಿರಬಹುದು, ನಂಬರ್ ಬದಲಾಗಿರಬಹುದು... ಹಾಗೆಂದುಕೊಂಡು ವರ್ಷಗಳಾದವು.

ನಿನ್ನೆ ಸಂಜೆ ಕುಂದಾಪುರದಿಂದ ಮೊಮ್ಮಗಳು ವೀಡಿಯೊ ಕಾಲ್ ಮಾಡಿದ್ದಳು. ಚಪ್ಪಲಿ ತರುತ್ತೇನೆಂದು ಮಾತು ಕೊಟ್ಟಿದ್ದೆ. "ಅಜ್ಜಿ, ಸೈಜ್ ನೋಡಿ," ಎಂದು ಕಾಲೆತ್ತಿ ಪರದೆಯ ಹತ್ತಿರ ಹಿಡಿದಳು. ಪರದೆಯ ತುಂಬ ಪಾದವೇ. ದೊಡ್ಡದೋ ಚಿಕ್ಕದೋ ಹೇಗೆ ಹೇಳುವುದು?

"ಕಾಲು ಇಳಿಸು ಮಗಾ. ನಾನೇ ಬರ್ತೇನಲ್ಲ, ಒಟ್ಟಿಗೆ ಅಂಗಡಿಗೆ ಹೋಗುವ," ಎಂದೆ.

ಫೋನ್ ಇಟ್ಟವಳು ಇದನ್ನು 'ಆತೆ' ಎನ್ನುತ್ತಿದ್ದ ಅವಳಿಗೆ ಹೇಳಬೇಕೆಂದು ಎದ್ದೆ. ಕೈ ಆಗಲೇ ಗೋಡೆ ತಟ್ಟಿತ್ತು. ಆಚೆ ಯಾರದೋ ಟೀವಿ ಸದ್ದು ನಿಂತಿತು, ಗುರುತಿಲ್ಲದ ದನಿಯೊಂದು ಏನು ಬೇಕೆಂದು ಹಿಂದಿಯಲ್ಲಿ ಕೇಳಿತು.

"ಕುಛ್ ನಹೀ," ಎಂದು ಪೆಟ್ಟಿಗೆಯ ಹತ್ತಿರ ಬಂದು ಕೂತೆ.