ರೆಟ್ಟಾಳ ಹೆಪ್ಪಿನ ಕ್ಯಾನು

ನಮ್ಮ ಕಡೆ ಒಂದು ಕಾಲಕ್ಕೆ ಚರ್ಚಿಗಿಂತ ಬಿಯರು ಕಾಯಿಸುವ ಬ್ರೂವರಿಗಳೇ ಹೆಚ್ಚಿದ್ದವು. ಬಾಂಬರ್ಗ್ ಪೇಟೆಯಿಂದ ಬಸ್ಸು ಹತ್ತಿ ಗುಡ್ಡದ ಕಡೆ ಬಂದರೆ, ಗಾಳಿಯ ವಾಸನೆಯ ಮೇಲೆಯೇ ಇವತ್ತು ಯಾವ ಊರಿನಲ್ಲಿ ಬಾರ್ಲಿ ಬೇಯುತ್ತಿದೆ ಎಂದು ಹೇಳಬಹುದಿತ್ತು. ಟ್ರಾಯ್ನಿಟ್ಸಿನ ಬಿಯರು ತೆಳ್ಳಗೆ, ಮೂರು ಮಗ್ಗು ಕುಡಿದರೂ ಏಣಿ ಹತ್ತಬಹುದು. ವೀಸನ್‌ರಾಯ್ಟಿನದು ಕಪ್ಪು, ಸೀದ ಬ್ರೆಡ್ಡಿನ ಅಂಚಿನ ರುಚಿ. ನಮ್ಮ ಸ್ಟೈನ್‌ಲೋಹೆಯದು ಕಹಿ. ಪರ ಊರಿನವರು ಮೊದಲ ಗುಟುಕಿಗೆ ಮುಖ ಕಿವುಚುತ್ತಿದ್ದರು, ಆಮೇಲೆ ಎರಡನೆಯ ಮಗ್ಗಿಗೆ ತಾವೇ ಕೈ ಎತ್ತುತ್ತಿದ್ದರು. ಈಗ ಎಲ್ಲ ಊರಿಗೂ ಲಾರಿಯಲ್ಲಿ ಒಂದೇ ಬಿಯರು ಬರುತ್ತದೆ. ಅದಕ್ಕೆ ರುಚಿ ಇದೆ ಎನ್ನುವವರ ಜೊತೆ ನಾನು ಮಾತು ಬೆಳೆಸುವುದಿಲ್ಲ.

ನಾನು ಬಾಬೆಟ್. ಸ್ಟೈನ್‌ಲೋಹೆಯ ಡಾಟ್ಸ್ಲರ್ ಬ್ರೂವರಿಯಲ್ಲಿ ಇಪ್ಪತ್ತೆರಡು ವರ್ಷ ಬಿಯರು ಬಡಿಸಿದವಳು. ನನ್ನ ಯಜಮಾನತಿ ರೆಟ್ಟಾ ಡಾಟ್ಸ್ಲರ್. ಕುಳ್ಳಗಿನ ಹೆಂಗಸು, ಗಂಡಸರ ರಬ್ಬರ್ ಬೂಟು, ಮೊಣಕೈವರೆಗೆ ಕೆಂಪಗಾದ ಕೈಗಳು. ಗಂಡ ಕೊನ್ರಾಡ್ ಅರವತ್ತೇಳನೆಯ ಇಸವಿಯಲ್ಲಿ ಸತ್ತ ಮೇಲೆ ಒಬ್ಬಳೇ ಬ್ರೂವರಿ ನಡೆಸಿದಳು. ಹೆಂಗಸು ಕಾಯಿಸಿದ ಬಿಯರು ಹುಳಿಯಾಗುತ್ತದೆ ಎಂದು ನಗುತ್ತಿದ್ದವರೆಲ್ಲ ಅವಳ ಬೆಂಚಿನ ಮೇಲೆಯೇ ಮುದುಕರಾದರು.

ಅವಳು ಹುಟ್ಟಿದ್ದು ಗುಡ್ಡದಾಚೆಯ ವೀಸನ್‌ರಾಯ್ಟಿನಲ್ಲಿ, ಎಬರ್ಲೈನ್ ಬ್ರೂವರಿಯ ಮನೆಯಲ್ಲಿ. ಅಲ್ಲಿ ಅವಳ ಅಣ್ಣ ಲೊರೆಂಝ್ ಇದ್ದ. ನಡುವೆ ಇರುವುದು ಮೂರೇ ಕಿಲೋಮೀಟರು, ಆದರೂ ಅಣ್ಣ ತಂಗಿ ಮಾತು ಬಿಟ್ಟು ಮೂವತ್ತೊಂದು ವರ್ಷವಾಗಿತ್ತು. ಕಾರಣ ಅರ್ಧ ಮಗ್ಗು ಬಿಯರು. ಅವರಪ್ಪನನ್ನು ಮಣ್ಣು ಮಾಡಿ ಬಂದ ದಿನ, ಊಟದ ಹೊತ್ತಿಗೆ, ಕೊನ್ರಾಡ್ ಮಗ್ಗನ್ನು ಅರ್ಧಕ್ಕೆ ಬಿಟ್ಟು ಎದ್ದುಹೋದ. ಸಾವಿನ ಊಟದಲ್ಲಿ ಆ ಮನೆಯ ಬಿಯರನ್ನು ಅರ್ಧಕ್ಕೆ ಬಿಡುವುದೆಂದರೆ ನಮ್ಮಲ್ಲಿ ಸತ್ತವನ ಮುಖಕ್ಕೆ ಉಗಿದಂತೆ. ಎದುರಾಳಿ ಬ್ರೂವರಿಯ ಅಳಿಯ ಬೇಕೆಂದೇ ಮಾಡಿದ ಎಂದು ಲೊರೆಂಝ್ ತೀರ್ಮಾನಿಸಿಬಿಟ್ಟ. ರೆಟ್ಟಾ ಏನನ್ನೂ ಹೇಳಲಿಲ್ಲ. ಇಬ್ಬರದೂ ಒಂದೇ ರಕ್ತ, ಒಂದೇ ಮೊಂಡುತನ.

ಆದರೆ ಹೆಪ್ಪಿನ ವಿಷಯಕ್ಕೆ ಜಗಳ ಅಡ್ಡ ಬರುತ್ತಿರಲಿಲ್ಲ. ಮೊಸರಿಗೆ ಹೆಪ್ಪು ಹಾಕುವ ಹಾಗೆ ಬಿಯರಿಗೂ ಹಿಂದಿನ ಬಿಯರಿನ ತಳದಲ್ಲಿ ಕೂತ ಬಿಳಿ ಗಸಿಯನ್ನು ಹಾಕಬೇಕು. ಅದು ಒಮ್ಮೊಮ್ಮೆ ಸೊರಗುತ್ತದೆ, ಕೆಡುತ್ತದೆ. ಆಗ ಪಕ್ಕದೂರಿನಿಂದ ತರಬೇಕು. ಕೇಳಿ ಬಂದವರಿಗೆ ಯಾರೂ ಇಲ್ಲ ಎನ್ನುವಂತಿಲ್ಲ, ಬೆಲೆ ಕಟ್ಟುವಂತಿಲ್ಲ, ತಂದವರು ತಮ್ಮ ಬಿಯರು ಹದಕ್ಕೆ ಬಂದ ಮೇಲೆ ಅಷ್ಟನ್ನೇ ವಾಪಸು ಕೊಡಬೇಕು. ಹೀಗಾಗಿ ವರ್ಷಕ್ಕೆರಡು ಸಲ ಹಾಲಿನ ಕ್ಯಾನು ನೇತುಹಾಕಿಕೊಂಡು ನಾನು ಸೈಕಲ್ಲಿನಲ್ಲಿ ಗುಡ್ಡ ಹತ್ತುತ್ತಿದ್ದೆ. ಲೊರೆಂಝ್ ಕ್ಯಾನು ತುಂಬಿ ಕಲ್ಲುಬೆಂಚಿನ ಮೇಲಿಟ್ಟು ಒಳಗೆ ಹೋಗುತ್ತಿದ್ದ. ತಂಗಿ ಹೇಗಿದ್ದಾಳೆ ಎಂದು ಒಮ್ಮೆಯೂ ಕೇಳಲಿಲ್ಲ.

ತೊಂಬತ್ತನಾಲ್ಕರ ಫೆಬ್ರವರಿಯಲ್ಲಿ ರೆಟ್ಟಾಳ ಹೆಪ್ಪು ಪೂರ್ತಿ ಕೆಟ್ಟಿತು. ಸಾಲಾಗಿ ಮೂರು ತೊಟ್ಟಿ ಬಿಯರು ಚರಂಡಿಗೆ ಹೋಯಿತು. ವೀಸನ್‌ರಾಯ್ಟಿನ ಹೆಪ್ಪೇ ಬೇಕು, ಎಲ್ಲಿಂದಲೋ ತಂದ ಹೆಪ್ಪು ಹಾಕಿದರೆ ಎಂಥದೋ ಬಿಯರಾಗುತ್ತದೆ, ಅದರ ಬದಲು ಒಲೆ ಆರಿಸುತ್ತೇನೆ ಎಂದಳು. ಸುಮ್ಮನೆ ಹೇಳುವ ಹೆಂಗಸಲ್ಲ ಅವಳು. ನಾನು ಕ್ಯಾನು ತೆಗೆದುಕೊಂಡು ಹೊರಟೆ.

ಎಬರ್ಲೈನ್ ಅಂಗಳದಲ್ಲಿ ಬಿಯರು ಕಾಯಿಸುವ ತಾಮ್ರದ ಹಂಡೆ ತುಂಡು ತುಂಡಾಗಿ ಬಿದ್ದಿತ್ತು. ಲೊರೆಂಝನಿಗೆ ಅರವತ್ತೆಂಟು, ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಪೇಟೆಯ ದೊಡ್ಡ ಕಂಪನಿಯೊಂದಕ್ಕೆ ಬ್ರೂವರಿಯನ್ನು ಮಾರಿಬಿಟ್ಟಿದ್ದ.

"ಹೆಪ್ಪು ಕೊಡೋಕಾಗಲ್ಲ ಬಾಬೆಟ್. ಯಾರಿಗೂ ಕೊಡಬಾರದು, ಚರಂಡಿಗೆ ಸುರೀಬೇಕು ಅಂತ ಮಾರಾಟದ ಪತ್ರದಲ್ಲಿದೆ. ಸಹಿ ಹಾಕಿದೀನಿ."

"ಸುರಿದ್ರಾ?"

ಅವನು ಹಂಡೆಯ ಚೂರನ್ನು ಕಾಲಿನಲ್ಲಿ ತಳ್ಳಿದ. "ಕೈ ಬರಲಿಲ್ಲ. ಕೆಳಗೆ ನೆಲಮಾಳಿಗೇಲಿ ಒಂದು ಬಕೆಟ್ ಇದೆ."

"ಮತ್ತೆ ಕೊಡ್ರಿ. ಹೆಪ್ಪು ಇಟ್ಕೊಂಡು ಇಲ್ಲ ಅಂದೋರು ನಮ್ಮಲ್ಲಿ ಯಾರಿದಾರೆ?"

"ನಾನು ಮಾತು ಮುರೀಬೇಕು ಅಂದ್ರೆ ಅವಳು ಬಾಯಿ ಬಿಡಬೇಕು. ಬೇಕಿದ್ರೆ ಅವಳೇ ಬಂದು ಕೇಳಲಿ."

ನಾನು ಬಂದು ಇದ್ದದ್ದು ಇದ್ದಂತೆ ಹೇಳಿದೆ.

"ಸತ್ರೂ ಹೋಗಲ್ಲ" ಎಂದಳು ರೆಟ್ಟಾ.

"ಹೋಗಬೇಡ. ಲಾರಿಯವರಿಗೆ ಫೋನ್ ಮಾಡ್ತೀನಿ, ನಾಳೆಯಿಂದ ಅವರ ಬಿಯರೇ ಬಡಿಸೋಣ" ಎಂದೆ. ನನಗೂ ಸಿಟ್ಟು ಬರುತ್ತದೆ.

ಅರ್ಧ ಗಂಟೆ ಪಾತ್ರೆಗಳ ಮೇಲೆ ಕೋಪ ತೀರಿಸಿಕೊಂಡಳು. ಆಮೇಲೆ ಬೂಟು ಕೂಡ ಬಿಚ್ಚದೆ ಕ್ಯಾನು ಎತ್ತಿಕೊಂಡು ನಡೆದಳು. ನಾನು ಸೈಕಲ್ಲು ತಳ್ಳಿಕೊಂಡು ಹಿಂದೆ ಹೋದೆ.

ಲೊರೆಂಝ್ ಬಾಗಿಲಲ್ಲೇ ನಿಂತಿದ್ದ. ಇಬ್ಬರೂ ಮುದುಕರಾಗಿದ್ದನ್ನು ಇಬ್ಬರೂ ನೋಡಿದರು.

"ಹೆಪ್ಪು ಬೇಕು" ಎಂದಳು.

"ಅವತ್ತು ಕೊನ್ರಾಡ್ ಯಾಕೆ ಅರ್ಧಕ್ಕೆ ಬಿಟ್ಟ?"

"ಹೊಟ್ಟೇಲಿ ಹುಣ್ಣಾಗಿತ್ತು. ಹಿತ್ತಲಿಗೆ ಹೋಗಿ ರಕ್ತ ಕಾರಿಕೊಂಡ. ಹೆಣದ ಮನೇಲಿ ಯಾರಿಗೂ ಹೇಳಬೇಡ ಅಂದ. ಅದರಿಂದಲೇ ಕೊನೆಗೆ ತೀರಿಕೊಂಡದ್ದು."

ಲೊರೆಂಝ್ ಬಾಗಿಲಿಗೆ ಒರಗಿದ. "ಹೇಳಬಾರದಿತ್ತಾ?"

"ನೀನು ಕೇಳಬಾರದಿತ್ತಾ?"

ಅವನು ಕ್ಯಾನು ಕಿತ್ತುಕೊಂಡು ಮೆಟ್ಟಿಲಿಳಿದ. ತುಂಬ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು, ಕ್ಯಾನು ಕಂಠಮಟ್ಟ ತುಂಬಿತ್ತು. ಮೂವತ್ತೊಂದು ವರ್ಷ ಇಷ್ಟಕ್ಕೆ ಹಾಳಾಯಿತಲ್ಲ ಎಂದುಕೊಂಡೆ. ರೆಟ್ಟಾ ತಲೆಯಾಡಿಸಿ ಹೊರಟಳು. ಇಷ್ಟೇ ಏನು, ಬೇಕಾದ್ದು ಸಿಕ್ಕಿತು, ಮತ್ತೆ ಅವರವರ ಮನೆ ಅವರವರಿಗೆ ಎಂದು ದಾರಿಯುದ್ದಕ್ಕೂ ಗೊಣಗಿಕೊಂಡೆ.

ಬಿಯರಿಗೆ ಹೆಪ್ಪು ಹಿಡಿಯಿತು. ಮೂರನೆಯ ದಿನಕ್ಕೆ ತೊಟ್ಟಿಯ ತುಂಬ ನೊರೆ, ಹತ್ತನೆಯ ದಿನಕ್ಕೆ ತಳದಲ್ಲಿ ಹೊಸ ಹೆಪ್ಪು ದಪ್ಪಗೆ ಕೂತಿತು. ರೆಟ್ಟಾ ಎರಡು ಬಕೆಟ್ ತನಗಿಟ್ಟುಕೊಂಡು ಕ್ಯಾನನ್ನೂ ತುಂಬಿದಳು.

"ಯಾರಿಗೆ ಅದು?" ಎಂದೆ.

"ತಗೊಂಡಿದ್ದು ವಾಪಸ್ ಕೊಡಬೇಡವಾ?"

"ಅವರ ಹತ್ರ ಹಂಡೇನೇ ಇಲ್ಲ."

ಅವಳು ಕ್ಯಾನಿನ ಮುಚ್ಚಳ ಬಿಗಿದು ನಡೆದಳು. ನಾನು ಮತ್ತೆ ಹಿಂದೆ ಹೋದೆ. ಈ ನಾಟಕ ತಪ್ಪಿಸಿಕೊಳ್ಳುವವಳಲ್ಲ ನಾನು.

ಲೊರೆಂಝ್ ಅಡುಗೆಮನೆಯಲ್ಲಿ ಒಬ್ಬನೇ ಕೂತು ಸಾಸೇಜು ತಿನ್ನುತ್ತಿದ್ದ. ಮೇಜಿನ ಮೇಲೆ ಲಾರಿ ಬಿಯರಿನ ಬಾಟಲಿ. ಕ್ಯಾನು ನೋಡಿ ಚಾಕು ಕೆಳಗಿಟ್ಟ.

"ನನಗ್ಯಾಕೆ ಇದು ರೆಟ್ಟಾ? ಇಲ್ಲಿ ಕೆಟ್ಟು ಹೋಗತ್ತೆ."

"ನಿನ್ನ ನೆಲಮಾಳಿಗೇಲಿ ಎಷ್ಟು ದಿನ ತಡೆಯತ್ತೆ?"

"ಒಂದು ವಾರ. ದಿನಾ ಅದರ ಮೇಲಿನ ತಣ್ಣೀರು ಬದಲಾಯಿಸಿದ್ರೆ ಹತ್ತು ದಿನ."

"ಹಾಗಾದ್ರೆ ಬದಲಾಯಿಸು. ಮುಂದಿನ ಗುರುವಾರ ಒಲೆ ಹಚ್ತೀನಿ, ನನಗೆ ಹೆಪ್ಪು ಬೇಕು. ಬಂದು ಕೇಳ್ತೀನಿ."

ಅವಳ ಮನೆಯಲ್ಲಿ ಎರಡು ಬಕೆಟ್ ಇದೆ ಎಂದು ಬಾಯಿ ತೆರೆಯಲು ಹೋದೆ. ರೆಟ್ಟಾ ನನ್ನ ಕಾಲು ತುಳಿದಳು. ಹೊಸ ಬಿಯರು ಕಾಯಿಸಿದ ಮನೆಯಲ್ಲಿ ಹೆಪ್ಪಿಗೆ ಕೊರತೆ ಇರುವುದಿಲ್ಲ ಎನ್ನುವುದು ಬಿಯರಿನ ಕೆಲಸದಲ್ಲೇ ಐವತ್ತು ವರ್ಷ ಕಳೆದ ಲೊರೆಂಝನಿಗೆ ತಿಳಿಯದ್ದೇನಲ್ಲ. ಅವನು ಎದ್ದು ಕ್ಯಾನನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

"ಗುರುವಾರ ಎಷ್ಟು ಗಂಟೆಗೆ ಬರ್ತೀಯ?" ಎಂದು ಕೇಳಿದ.