ಅತ್ತೆ ಕಡ್ಡಿಪುಡಿ ಬಿಟ್ಟ ಬಗೆ

ಮೈಸೂರಿನ ಹಲ್ಲಿನ ಡಾಕ್ಟರು ನಮ್ಮತ್ತೆಯ ಎಡಗೆನ್ನೆಯ ಒಳಗೆ ಬೆಳಕು ಬಿಟ್ಟು ನೋಡಿ, ಅಲ್ಲಿದ್ದ ಬಿಳಿ ಮಚ್ಚೆಯನ್ನು ನನ್ನ ಗಂಡನಿಗೂ ತೋರಿಸಿದರಂತೆ. ಉಜ್ಜಿದರೆ ಹೋಗುವ ಮಚ್ಚೆಯಲ್ಲ. "ಎಲೆ ಅಡಿಕೆ, ಕಡ್ಡಿಪುಡಿ ಎಲ್ಲ ಇವತ್ತಿಂದಲೇ ನಿಲ್ಲಬೇಕು. ದಸರಾ ಕಳೆದ ಮೇಲೆ ಕರ್ಕೊಂಡು ಬನ್ನಿ. ಆಗಲೂ ಹೀಗೇ ಇದ್ರೆ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕಾಗುತ್ತೆ" ಎಂದರಂತೆ. ಯಾವ ಪರೀಕ್ಷೆ ಎಂದು ಅತ್ತೆ ಕೇಳಲಿಲ್ಲ. ಅವರ ದೊಡ್ಡಕ್ಕ ತೀರಿಕೊಂಡದ್ದು ಬಾಯಿಯ ಹುಣ್ಣಿನಿಂದಲೇ.

ಆ ದಿನ ನಾನು ಆಸ್ಪತ್ರೆಯಲ್ಲಿ ಇರಲಿಲ್ಲ. ಆದರೂ ಡಾಕ್ಟರು ಕೈಯಲ್ಲಿ ಹಿಡಿದ ದೀಪ, ಅತ್ತೆ ಸೆರಗಿನಿಂದ ತುಟಿ ಒರೆಸಿಕೊಂಡದ್ದು ನನಗೆ ಕಣ್ಣಾರೆ ಕಂಡಂತೆ ನೆನಪಿದೆ. ಗಂಡ ಹೇಳಿದ್ದನ್ನು ನನ್ನ ಮನಸ್ಸು ಯಾವಾಗಲೋ ತನ್ನದು ಮಾಡಿಕೊಂಡಿದೆ. ಮುಂದೆ ಹೇಳುವುದರಲ್ಲೂ ಇಂಥದ್ದು ಸೇರಿರಬಹುದು. ಗೊತ್ತಾದ ಕಡೆ ಹೇಳುತ್ತೇನೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಮನೆ ನಂಜನಗೂಡಿನಲ್ಲಿ. ಗಂಡ ಅಲ್ಲಿನ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದರು. ನಾನು ದಿನಾ ಬಸ್ಸಿನಲ್ಲಿ ತಿ. ನರಸೀಪುರಕ್ಕೆ ಹೋಗಿ, ಮೇಷ್ಟ್ರಾಗಲಿರುವ ಹುಡುಗ ಹುಡುಗಿಯರಿಗೆ ಮನೋವಿಜ್ಞಾನ ಹೇಳಿಕೊಟ್ಟು ಬರುತ್ತಿದ್ದೆ. ಅಭ್ಯಾಸ ಹೇಗೆ ಕಟ್ಟಿಕೊಳ್ಳುತ್ತದೆ, ಹೇಗೆ ಕಳಚಿಕೊಳ್ಳುತ್ತದೆ ಎಂದು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸುವುದು ನನ್ನ ಕೆಲಸ. ನಾಯಿ, ಇಲಿ, ಪಾರಿವಾಳಗಳ ಮೇಲೆ ನಡೆದ ಪ್ರಯೋಗಗಳೆಲ್ಲ ನನಗೆ ಬಾಯಿಪಾಠವಾಗಿದ್ದವು. ಅತ್ತೆಯರ ಮೇಲೆ ಯಾರೂ ನಡೆಸಿದ ಹಾಗೆ ಕಾಣಲಿಲ್ಲ.

ಕಡ್ಡಿಪುಡಿ ಎಂದರೆ ಹೊಗೆಸೊಪ್ಪಿನ ಕಡ್ಡಿಯನ್ನು ಒಣಗಿಸಿ ಕುಟ್ಟಿದ ಪುಡಿ. ನಮ್ಮ ಕಡೆಯ ಹೆಂಗಸರು ಎಲೆ ಅಡಿಕೆಯ ಜೊತೆ ಅದರ ಒಂದು ಚಿಟಿಕೆಯನ್ನು ದವಡೆಗೆ ಒತ್ತರಿಸಿಕೊಂಡರೆ ಗದ್ದೆಯಲ್ಲಿ ನಾಟಿ ಮುಗಿಯುವವರೆಗೂ ಹಸಿವು ತಿಳಿಯುತ್ತಿರಲಿಲ್ಲವಂತೆ. ಮುಡುಕುತೊರೆ ಪಕ್ಕದ ಹಳ್ಳಿಯಿಂದ ಸೊಸೆಯಾಗಿ ಬಂದ ಅತ್ತೆ ಗದ್ದೆ ಕೆಲಸ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಪುಡಿ ಮಾತ್ರ ಬಿಟ್ಟಿರಲಿಲ್ಲ.

ಅದನ್ನು ಬಿಡಿಸಲು ಮೊದಲು ಕೈ ಹಾಕಿದವರು ನನ್ನ ಗಂಡ. ಅವರದು ಹೆದರಿಸುವ ದಾರಿ. ಅಮ್ಮನ ಎಲೆಚೀಲವನ್ನು ಕಿತ್ತುಕೊಂಡು ಮಾಡಿನ ಹೆಂಚಿನ ಮೇಲೆ ಎಸೆದರು.

"ಸಾಯ್ತೀಯ ಕಣವ್ವ, ದೊಡ್ಡವ್ವನಂಗೆ ಬಾಯಿ ಕೊಳ್ತು ಸಾಯ್ತೀಯ!"

"ಸತ್ರೆ ಸಾಯ್ತೀನಿ ಬುಡ್ಲಾ. ಕೊಳ್ಳಿ ಇಕ್ಕಕೆ ನಿಂಗೇನ್ ಕೈ ಇಲ್ವಾ? ರಜ ಕೊಡಲ್ವಾ ನಿನ್ ಫ್ಯಾಕ್ಟ್ರೀಲಿ?"

ಮಗ ಡ್ಯೂಟಿಗೆ ಹೋದ ಮೇಲೆ ಪುಡಿಯ ಹೊಸ ಪೊಟ್ಟಣ ರಾಗಿಹಿಟ್ಟಿನ ಡಬ್ಬದ ಹಿಂದೆ ಸೇರಿತು. ಭಯ ಹುಟ್ಟಿಸಿ ದಾರಿ ತೋರಿಸದಿದ್ದರೆ ಜನ ಚಟ ಬಿಡುವುದಕ್ಕಿಂತ ಅದನ್ನು ಬಚ್ಚಿಡುವುದನ್ನು ಬೇಗ ಕಲಿಯುತ್ತಾರೆ. ಇದನ್ನು ನಾನು ಓದಿದ್ದೆ, ಪಾಠ ಮಾಡಿದ್ದೆ, ಈಗ ಮನೆಯಲ್ಲೇ ನೋಡಿದೆ. "ನೀವು ಸುಮ್ಮನಿರಿ, ಇದು ನನಗೆ ಬಿಡಿ" ಎಂದು ಗಂಡನಿಗೆ ಹೇಳಿದಾಗ ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇದ್ದಿರಬೇಕು.

ನನ್ನದು ಮೆಚ್ಚುಗೆಯ ದಾರಿ. ಸಂಜೆ ಬಸ್ಸಿಳಿದು ಬಂದ ಕೂಡಲೇ ಅತ್ತೆಯನ್ನು ಕೇಳುತ್ತಿದ್ದೆ: "ಇವತ್ತು ಹಾಕಿದ್ರಾ ಅತ್ತೆ?" ಅವರು "ಇಲ್ಲ ಕಣವ್ವ" ಎಂದರೆ ಸೀರೆ ಕೂಡ ಬದಲಾಯಿಸದೆ ಒಳಗೆ ಹೋಗಿ, ಅವರಿಗಿಷ್ಟವಾದ ಗಟ್ಟಿ ಕಾಫಿ ಮಾಡಿ ತಂದುಕೊಟ್ಟು, ಪಕ್ಕದಲ್ಲಿ ಕೂತು ಹೊಗಳುತ್ತಿದ್ದೆ. ಒಳ್ಳೆಯದನ್ನು ಮಾಡಿದ ತಕ್ಷಣ ಮೆಚ್ಚುಗೆ ಸಿಗಬೇಕು, ತಡವಾಗಬಾರದು ಎನ್ನುತ್ತದೆ ಪುಸ್ತಕ. ನಾನು ತಡ ಮಾಡಲಿಲ್ಲ. ಅವರೂ "ಇಲ್ಲ ಕಣವ್ವ" ಎನ್ನುವುದನ್ನು ತಪ್ಪಿಸಲಿಲ್ಲ. "ಕ್ರಮ ಫಲ ಕೊಡುತ್ತಿದೆ" ಎಂದು ಡೈರಿಯಲ್ಲಿ ಬರೆದೂ ಇದ್ದೇನೆ.

ಒಂದು ಭಾನುವಾರ ಅತ್ತೆಯ ಜೊತೆ ಎದುರುಮನೆಯ ಜಗಲಿಯಲ್ಲಿ ಕೂತಿದ್ದೆ. ಆ ಮನೆಯವರು ಅತ್ತೆಯ ಓರಗೆಯವರು, ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಅವರಿಗೆ ಏನು ನೆನಪಾಯಿತೋ, ತಮ್ಮಷ್ಟಕ್ಕೆ ನಗಲು ಶುರುಮಾಡಿದರು.

"ಅಲ್ಲ ಕಣವ್ವ ಮೇಡಮ್ಮ, ನಿಮ್ಮತ್ತೇನ ಎಂಗ್ ಪಳಗ್ಸಿದ್ದೀಯ ನೀನು! ನಿನ್ ಬಸ್ಸು ಆ ತಿರುವಲ್ಲಿ ಆರನ್ ಒಡೀತಿದ್ದಂಗೇ ಎದ್ದು ಓಡ್ತಾಳೆ. ತೊಟ್ಟಿ ತಾವ ನಿಂತ್ಕಂಡು ಕ್ಕೊ ಕ್ಕೊ ಅಂತ ಬಾಯಿ ಮುಕ್ಕಳ್ಸಿದ್ದೇ ಮುಕ್ಕಳ್ಸಿದ್ದು!"

"ತೂ ನಿನ್ ಬಾಯ್ಗಿಷ್ಟು ಮಣ್ಣಾಕ" ಎಂದು ಅತ್ತೆ ಆಕೆಯ ತೊಡೆಗೆ ಹೊಡೆದರು. ಆಮೇಲೆ ನನ್ನ ಕಡೆ ತಿರುಗಿದರು. "ಇನ್ನೇನ್ ಮಾಡ್ಲವ್ವ? ನೀ ಕೇಳೋವಾಗ ನಿನ್ ಮೊಕ ನೋಡ್ಬೇಕು. ಎಸ್ಸೆಲ್ಸಿ ರಿಸಲ್ಟ್ ನೋಡಕೆ ಬಂದೋರಂಗೆ ನಿಂತಿರ್ತೀಯ. ಊಂ ಆಕ್ಕಂಡೆ ಅಂತ ಎಂಗ್ ಯೋಳಾದು? ಬಿಸಿಲಲ್ಲಿ ಬಂದೋಳು ಕಾಫಿ ಬ್ಯಾರೆ ಕಾಸ್ಕೊಡ್ತೀಯ."

ನನಗೂ ನಗು ತಡೆಯಲಾಗಲಿಲ್ಲ. ಕಲಿಕೆಯ ನಿಯಮ ಒಂದಿಷ್ಟೂ ತಪ್ಪಿರಲಿಲ್ಲ. ನಾನು ಕಾಫಿ ಕೊಟ್ಟು ಮೆಚ್ಚಿದ್ದು "ಇಲ್ಲ" ಎಂಬ ಮಾತನ್ನು. ಆ ಮಾತೂ, ಅದಕ್ಕೆ ಬೇಕಾದ ಬಾಯಿ ತೊಳೆಯುವ ಕ್ರಮವೂ ಚೆನ್ನಾಗಿ ಬೆಳೆದಿದ್ದವು. ಪುಡಿ ಹಾಕಿಕೊಳ್ಳುವ ಗಳಿಗೆಯಲ್ಲಿ ನಾನು ಯಾವತ್ತೂ ಅಲ್ಲಿರಲೇ ಇಲ್ಲ. ಆಗ ನರಸೀಪುರದಲ್ಲಿ ಬಾಣದ ಗುರುತು ಹಾಕುತ್ತಿದ್ದೆ. ನಗು ನಿಂತ ಮೇಲೆ ದಿನ ಎಣಿಸಿದೆ. ಡಾಕ್ಟರು ಕೊಟ್ಟ ಗಡುವಿನಲ್ಲಿ ಒಂದಷ್ಟು ವಾರಗಳು ಹೀಗೇ ಕಳೆದುಹೋಗಿದ್ದವು, ಮಚ್ಚೆ ಅಲ್ಲೇ ಇತ್ತು.

ಗೌರಿ ಹಬ್ಬದ ರಜೆ ಬಂತು. "ಅತ್ತೆ, ಇನ್ನು ಮೇಲೆ ಹಾಕಿದ್ರಾ ಅಂತ ಕೇಳಲ್ಲ. ಯಾವಾಗ ಬೇಕು ಅನ್ಸುತ್ತೆ ಅಂತ ಮಾತ್ರ ಕೇಳ್ತೀನಿ. ಹಾಕ್ಕೊಂಡ್ರೂ ನನ್ನೆದುರೇ ಹಾಕ್ಕೊಳ್ಳಿ" ಎಂದೆ.

"ಬಯ್ಯಲ್ವಾ?"

"ಬಯ್ಯಲ್ಲ."

"ಕಾಫಿ?"

"ಹೇಗಿದ್ರೂ ಕೊಡ್ತೀನಿ."

"ಅಂಗಾದ್ರೆ ನೋಡ್ಕ" ಎಂದರು.

ಊಟವಾದ ಮೇಲೆ ಹಾಕಿಕೊಳ್ಳುತ್ತಾರೆ ಎಂದು ನಾನೂ ಗಂಡನೂ ನಂಬಿದ್ದೆವು. ಮನೆಯಲ್ಲಿದ್ದು ನೋಡಿದಾಗ ಊಟಕ್ಕೂ ಅದಕ್ಕೂ ಅಷ್ಟೇನೂ ನಂಟು ಕಾಣಲಿಲ್ಲ. ಬೆಳಿಗ್ಗೆ ಹಂಡೆಯ ಒಲೆಗೆ ಉರಿ ಹಾಕಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತರೆ ಅವರ ಕೈ ತಾನಾಗಿ ಸೊಂಟಕ್ಕೆ ಸಿಕ್ಕಿಸಿದ ಪೊಟ್ಟಣದ ಕಡೆ ಹೋಗುತ್ತಿತ್ತು. ಇನ್ನೊಂದು, ಮಧ್ಯಾಹ್ನದ ಜಗಲಿ. ಅಲ್ಲಿ ಕೂತ ತಕ್ಷಣ ದೊಡ್ಡಮ್ಮ ಚೀಲ ಬಿಚ್ಚಿ, ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಅಂಗೈಯಲ್ಲಿಟ್ಟು ಚಾಚುತ್ತಿದ್ದರು. ಆಮೇಲೆಯೇ ಮಾತು. ಚಾಚಿದ ಕೈಯನ್ನು ಬೇಡ ಎಂದರೆ ನಮ್ಮ ಬೀದಿಯಲ್ಲಿ ಮುನಿಸು ಎಂದೇ ಅರ್ಥ. ಎರಡೂ ಹೊತ್ತಿನಲ್ಲಿ ಅವರು ಹಾಕಿಕೊಳ್ಳಬೇಕೆಂದು ತೀರ್ಮಾನಿಸಿದ್ದನ್ನು ನಾನು ಕಾಣಲಿಲ್ಲ. ಜಾಗ ಕರೆಯುತ್ತಿತ್ತು, ಕೈ ಓಗೊಡುತ್ತಿತ್ತು. ಚಟ ಮನುಷ್ಯರೊಳಗೆ ಇರುವಷ್ಟೇ ಅವರ ಸುತ್ತಲೂ ಇರುತ್ತದೆ ಎಂದು ಪಾಠ ಹೇಳುವುದು ಸುಲಭ. ಆ ಸುತ್ತಮುತ್ತ ಒಂದು ಹಂಡೆ ಒಲೆಯಾಗಿ, ಒಬ್ಬ ಗೆಳತಿಯ ಅಂಗೈಯಾಗಿ ಕಣ್ಣಿಗೆ ಬಿದ್ದದ್ದು ಆ ರಜೆಯಲ್ಲಿ.

ಒಲೆಯದು ಸುಲಭವಾಗಿ ಬಗೆಹರಿಯಿತು. ಉರಿ ಹಾಕುವ ಕೆಲಸವನ್ನು ನಾನು ತೆಗೆದುಕೊಂಡೆ. ನಾನು ಮಾಡುತ್ತಿದ್ದ ತಿಂಡಿಯ ಕೆಲಸವನ್ನು ಅವರು ವಹಿಸಿಕೊಂಡರು. ಕಾಯಿ ತುರಿಯುತ್ತ, ರೊಟ್ಟಿ ತಟ್ಟುತ್ತ ಎರಡು ಕೈಗೂ ಕೆಲಸವಿದ್ದಾಗ ಸೊಂಟದ ನೆನಪು ಅಷ್ಟಾಗಿ ಬರುತ್ತಿರಲಿಲ್ಲ. ಹೊಗೆಗೆ ನನ್ನ ಕಣ್ಣು ಕೆಂಪಾದದ್ದನ್ನು ನೋಡಿ, "ಎಂಎ ಓದ್ಸಿದ್ದು ಇದಕ್ಕೇಯಾ ನಿಮ್ಮಪ್ಪ?" ಎಂದು ರೇಗಿಸುತ್ತಿದ್ದರು.

ಜಗಲಿಯದು ಕಷ್ಟ. ಅತ್ತೆ ಮನೆಯೊಳಗೇ ಕೂತಿರಲಿ ಎಂದು ಗಂಡ ಹೇಳಿದ್ದನ್ನು ನಾನು ಒಪ್ಪಲಿಲ್ಲ. ದಿನದಲ್ಲಿ ಆಕೆ ಬಾಯಿ ತುಂಬ ನಗುತ್ತಿದ್ದದ್ದು ಅಲ್ಲೊಂದೇ ಕಡೆ. ನಾನು ನೇರವಾಗಿ ದೊಡ್ಡಮ್ಮನ ಹತ್ತಿರ ಹೋಗಿ, ಮಚ್ಚೆಯ ವಿಷಯವನ್ನೆಲ್ಲ ಹೇಳಿದೆ. ಅವರಿಗೆ ಅದು ಗೊತ್ತೇ ಇರಲಿಲ್ಲ. ಅತ್ತೆ ಹಲ್ಲುನೋವು ಎಂದಿದ್ದರಂತೆ.

"ಅಯ್ಯೋ ಸಿವನೇ. ಅಂಗಾದ್ರೆ ನಾನೂ ಬುಡ್ಬೇಕಾ?"

"ನಿಮ್ಮಿಷ್ಟ ದೊಡ್ಡಮ್ಮ. ಅತ್ತೆಗೆ ಕೊಡೋದನ್ನ ಮಾತ್ರ ಬಿಡಿ."

"ಅವ್ಳು ಬಾಯ್ ನೋಡ್ಕಂಡು ಕುಂತಿರೋವಾಗ ನಾನೊಬ್ಳೇ ಆಕ್ಕಳಕಾಯ್ತದಾ? ಅದೇನ್ ಮನ್ಸತ್ವವಾ?"

ಉಪ್ಪು ಹಚ್ಚಿ ಒಣಗಿಸಿದ ನೆಲ್ಲಿಕಾಯಿ ಚೂರನ್ನು ಬಾಯಿಗೆ ಹಾಕಿಕೊಳ್ಳುವ ಯೋಚನೆ ನನ್ನದು. ಅದು ದವಡೆಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ, ನಾಲಿಗೆಗೆ ಕೆಲಸ ಕೊಡುತ್ತದೆ. ಆದರೆ ಮುಖ್ಯವಾದ ಉಪಾಯ ಇನ್ನೊಂದು. ದೊಡ್ಡಮ್ಮನ ಕೈ ಚೀಲದ ಕಡೆ ಹೋಗುವ ಮೊದಲೇ ಅತ್ತೆ ತಮ್ಮ ಮಡಿಲಿನಿಂದ ನೆಲ್ಲಿ ತೆಗೆದು ಆಕೆಯ ಅಂಗೈಗೆ ಹಾಕಬೇಕು. ಆಗ ಯಾರೂ ಯಾರಿಗೂ ಬೇಡ ಎನ್ನಬೇಕಾಗಿಲ್ಲ, ಮುನಿಸೂ ಇಲ್ಲ. ಇಂಥ ಗಳಿಗೆ ಬಂದಾಗ ಇಂಥದ್ದು ಮಾಡುತ್ತೇನೆ ಎಂದು ಮೊದಲೇ ಗೊತ್ತುಮಾಡಿಕೊಂಡವರು ಬರೀ "ಬಿಡುತ್ತೇನೆ" ಎಂದುಕೊಂಡವರಿಗಿಂತ ಹೆಚ್ಚು ಗೆಲ್ಲುತ್ತಾರೆ ಎಂಬುದು ನಾನು ಓದಿ ತಿಳಿದದ್ದು. ಈ ಉಪಾಯ ಹೇಳಿದವರು ಯಾರು? ನನ್ನ ಡೈರಿಯ ಪ್ರಕಾರ ನಾನೇ. ಅತ್ತೆ ಬಾಯಿಂದ ಬಂತು ಎಂದು ನನ್ನ ನೆನಪು. ದೊಡ್ಡಮ್ಮನಂತೂ ಅದು ತಮ್ಮದೇ ತಲೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಮೂವರೂ ಒಟ್ಟಿಗೆ ಮಾತಾಡಿದ್ದೆವು. ಇಷ್ಟು ಮಾತ್ರ ಖಚಿತ.

ಪುಡಿ ಬಿಟ್ಟ ಮೊದಲ ದಿನ ಅತ್ತೆಗೆ ತಲೆ ಸುತ್ತಿತು. ಆಮೇಲಿನ ದಿನಗಳಲ್ಲಿ ಸಿಡುಕು ಜಾಸ್ತಿಯಾಗಿ ಪಾತ್ರೆಗಳು ಸದ್ದು ಮಾಡಿದವು. ಹೀಗಾಗುತ್ತದೆ, ಹೋಗುತ್ತದೆ ಎಂದು ಮೊದಲೇ ಹೇಳಿಟ್ಟಿದ್ದರಿಂದ ಅವರು ಅದನ್ನು ಜ್ವರದಂತೆ ಸಹಿಸಿದರು. ದೊಡ್ಡಮ್ಮ ಜಗಲಿಯಲ್ಲಿ ನೆಲ್ಲಿ ಅಗಿಯುತ್ತ, "ನಿನ್ ಸೊಸೆ ದೆಸೆಯಿಂದ ನನ್ ಹಲ್ಲೆಲ್ಲ ಜುಂ ಅಂತಾವೆ ಕಣಮ್ಮಿ" ಎಂದು ಬೈಯುತ್ತಿದ್ದರು. ಆದರೂ ಅಂಗೈ ಚಾಚುತ್ತಿದ್ದರು. ಸ್ವಂತಕ್ಕೆ ಬೇಕೆನಿಸಿದರೆ ಹಿತ್ತಲಿಗೆ ಹೋಗಿ ಹಾಕಿಕೊಂಡು ಬರುತ್ತಿದ್ದರು.

ಮಹಾಲಯ ಅಮಾವಾಸ್ಯೆಗೆ ಅತ್ತೆ ತವರಿಗೆ ಹೊರಟಾಗ ನನಗೆ ಅಳುಕಾಯಿತು. ಆ ಊರಿನ ಪ್ರತಿ ಮೂಲೆಯಲ್ಲೂ ಅವರು ಹುಡುಗಿಯಾಗಿದ್ದಾಗಿನಿಂದ ಪುಡಿ ಹಾಕಿಕೊಂಡವರು. ನಾವು ಬದಲಾಯಿಸಿದ್ದು ನಂಜನಗೂಡಿನ ಒಂದು ಒಲೆ, ಒಂದು ಜಗಲಿ ಅಷ್ಟೆ. ಜೊತೆಗೆ ನಾನೂ ಹೋಗಲೇ ಎಂದು ಯೋಚಿಸಿ, ಬೇಡವೆಂದು ಬಿಟ್ಟೆ.

ತಿರುಗಿ ಬಂದ ದಿನ ಅವರು ಚೀಲ ಕೆಳಗಿಡುವ ಮೊದಲೇ ಹೇಳಿದರು: "ಆಕ್ಕಂಡೆ ಕಣವ್ವ."

ನಾನು ಏನೂ ಕೇಳಿರಲಿಲ್ಲ.

"ನಮ್ಮತ್ತಿಗೆ ಅಂಗೈಲಿಟ್ಕಂಡು ಚಾಚುದ್ಲು. ನನ್ ಮಡ್ಲಲ್ಲಿ ನೆಲ್ಲಿ ಮುಗ್ದೋಗಿತ್ತು. ಆಕ್ಕಂಡೆ. ಮಾರ್ನೆ ದಿನ್ವೂ ಆಕ್ಕಂಡೆ. ಎಲ್ಲ ಆಳಾಯ್ತು, ಅಲ್ವಾ?"

"ಏನೂ ಹಾಳಾಗಿಲ್ಲ ಅತ್ತೆ. ಜಾರಿ ಬಿದ್ರೆ ನಡಿಯೋದು ಮರ್ತೋಗುತ್ತಾ? ನಾಳೆ ಜಗಲಿಗೆ ನೆಲ್ಲಿ ಇದೆಯಾ ನೋಡಿ."

ಆ ಸಂಜೆ ನನಗಾದ ನೆಮ್ಮದಿಯನ್ನು ಗಂಡನಿಗೆ ವಿವರಿಸಲು ಆಗಲಿಲ್ಲ. "ಪುಡಿ ಹಾಕ್ಕೊಂಡು ಬಂದವ್ರೆ, ನೀನು ಖುಷಿಯಾಗಿದ್ದೀಯಲ್ಲ!" ಎಂದು ಅವರು ರೇಗಿದರು. ಆದರೆ ನನ್ನ ಮುಖ ನೋಡಿ ಉತ್ತರ ಹೊಂದಿಸುತ್ತಿದ್ದ ಅತ್ತೆ ಈಗ ತಮ್ಮ ಕೈಯನ್ನು ತಾವೇ ಗಮನಿಸುತ್ತಿದ್ದರು. ನೆಲ್ಲಿ ಮುಗಿದಿತ್ತು, ಅದಕ್ಕೇ ತಪ್ಪಿತು ಎಂದು ಕಾರಣ ಹಿಡಿದು ಬಂದಿದ್ದರು. ಈ ಕೆಲಸ ಕೈಗೂಡುತ್ತದೆ ಎಂದು ನನಗೆ ಪೂರ್ತಿ ನಂಬಿಕೆ ಬಂದದ್ದು ಆಗಲೇ.

ದಸರಾ ಕಳೆದು ಮೈಸೂರಿಗೆ ಹೋಗುವಾಗ ನಾನೂ ರಜೆ ಹಾಕಿ ಹೊರಟೆ. ಬಸ್ಸು ತಾಂಡವಪುರ ದಾಟುವವರೆಗೂ ಅತ್ತೆ ಡಾಕ್ಟರ ಹಳೆಯ ಚೀಟಿಯನ್ನು ಮಡಿಚುತ್ತ ಬಿಡಿಸುತ್ತ ಕೂತಿದ್ದರು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಕತ್ರಿಸ್ಬೇಕು ಅಂದ್ರೆ ಕತ್ರಿಸ್ಲಿ. ಇಷ್ಟ್ ದಿನ ಮಾಡಿದ್ದು ಎಲ್ಲೂ ಓಗಲ್ಲ" ಎಂದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ.

ಡಾಕ್ಟರು ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಬಾಯೊಳಗೆ ತೂರಿಸಿ ಬಹಳ ಹೊತ್ತು ನೋಡಿದರು. ಹಳೆಯ ಚೀಟಿಯಲ್ಲಿ ತಾವೇ ಬರೆದದ್ದನ್ನು ಓದಿ, ಮತ್ತೆ ನೋಡಿದರು. "ಬಹಳ ಕಡಿಮೆಯಾಗಿದೆ. ಅಂಚು ತೆಳ್ಳಗಾಗಿದೆ. ಈಗ ಕತ್ತರಿಸೋ ಅಗತ್ಯ ಇಲ್ಲ. ಆದರೆ ಬರ್ತಾ ಇರಬೇಕು, ತಪ್ಪಿಸೋ ಹಾಗಿಲ್ಲ" ಎಂದರು.

"ಸರ್ಯಾಗಿ ನೋಡಿದ್ರಾ ಸಾ? ಬಲಗಡೆನೂ ನೋಡಿ" ಎಂದು ಅತ್ತೆ ಮತ್ತೆ ಬಾಯಿ ತೆರೆದರು. ಡಾಕ್ಟರು ನಕ್ಕು ಅದನ್ನೂ ನೋಡಿದರು.

ಒಬ್ಬ ಹೆಂಗಸಿನ ಬಾಯಿಯಲ್ಲಿ ಒಂದು ಮಚ್ಚೆ ತೆಳುವಾದದ್ದರಿಂದ ಯಾವ ಸಿದ್ಧಾಂತವೂ ಸಾಬೀತಾಗುವುದಿಲ್ಲ. ನನ್ನ ವಿದ್ಯಾರ್ಥಿಗಳು ಹಾಗೆ ಬರೆದಿದ್ದರೆ ನಾನೇ ಕೆಂಪು ಗೀಟು ಎಳೆಯುತ್ತಿದ್ದೆ. ದೊಡ್ಡಕ್ಕನ ಸಾವಿನ ನೆನಪು ಎಷ್ಟು ಕೆಲಸ ಮಾಡಿತೋ, ಮಗನ ಬೈಗುಳ ಎಷ್ಟು ಮಾಡಿತೋ ನಾನು ಬೇರ್ಪಡಿಸಿ ಹೇಳಲಾರೆ. ಆದರೂ ಇಷ್ಟನ್ನು ಹಿಂಜರಿಯದೆ ಹೇಳಬಲ್ಲೆ: ಬಿಡು ಬಿಡು ಎನ್ನುವ ಬದಲು ಯಾವಾಗ, ಎಲ್ಲಿ, ಯಾರ ಕೈಯಿಂದ ಎಂದು ಕೇಳತೊಡಗಿದ ದಿನದಿಂದ ನಮ್ಮ ಮನೆಯಲ್ಲಿ ಏನೋ ಅಲುಗಾಡಿತು.

ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ನನ್ನ ಮೊಣಕೈ ಹಿಡಿದು ಬಿಸಿಲಿಗೆ ಎಳೆದರು. "ಡಾಕ್ಟ್ರು ನೋಡುದ್ರು, ನನ್ ಮಗ ನೋಡ್ದ. ನೀ ಒಂದ್ಸಲನಾದ್ರೂ ನೋಡಿದ್ಯಾ? ನೋಡವ್ವ" ಎಂದು, ಸೂರ್ಯನ ಕಡೆ ಮುಖವೆತ್ತಿ, ಬೆರಳಿನಿಂದ ಕೆನ್ನೆ ಎಳೆದು ಬಾಯಿ ಅಗಲಿಸಿದರು. ಸುತ್ತ ನಿಂತಿದ್ದವರೆಲ್ಲ ತಿರುಗಿ ನೋಡಿದರು. ನಾನು ಬಗ್ಗಿ ನೋಡಿದೆ. ಒದ್ದೆಯಾದ ಕೆಂಪು ಕೆನ್ನೆ. ಅದರ ನಡುವೆ, ಹುಡುಕಿದರೆ ಮಾತ್ರ ಕಾಣುವಷ್ಟು, ನೀರು ಬೆರೆತ ಹಾಲಿನ ಬಣ್ಣದ ಒಂದು ಗುರುತು.

"ಐತಾ?" ಎಂದರು, ಬಾಯಿ ತೆರೆದುಕೊಂಡೇ.

"ಇನ್ನೂ ಸ್ವಲ್ಪ ಇದೆ ಅತ್ತೆ" ಎಂದೆ.

"ಇರ್ಲಿ ಬುಡು. ಅದ್ನೂ ಓಗುಸ್ತೀನಿ" ಎಂದು ಬಾಯಿ ಮುಚ್ಚಿಕೊಂಡು, ಸೀಟು ಹಿಡಿಯಲು ನನಗಿಂತ ಮುಂದೆ ಓಡಿದರು.