ನಟನಿಗೆ ದಂಡ, ಲಾರಿಯವನಿಗೆ ಜೈಲು

ಎಪ್ಪತ್ತರ ದಶಕದ ನಡುವಿನ ಮಾತು. ತಿಕೋಟಾದ ಸರಕಾರಿ ದವಾಖಾನೆಯಲ್ಲಿ ನಾನು ನರ್ಸ್ ಆಗಿದ್ದೆ. ಇಪ್ಪತ್ತನಾಲ್ಕು ವಯಸ್ಸು, ಊರಿಗೆ ಹೊಸಬಳು. ಮುಸ್ಲಿಂ ಕುಟುಂಬವೊಂದರ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದೆ. ಆ ಮನೆಯ ಅಜ್ಜಿಯನ್ನು ಬಿಟ್ಟರೆ, ಊಟವಾಯಿತೇ ಎಂದು ನನ್ನನ್ನು ಕೇಳುವವರು ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಡಾಕ್ಟರು ಊಟಕ್ಕೆ ಹೋದ ಹೊತ್ತಿನಲ್ಲಿ ಬಿಳಿ ಕಾರೊಂದು ಅಂಗಳದೊಳಗೆ ಬಂತು. ಅದನ್ನು ಓಡಿಸಿಕೊಂಡು ಬಂದವನೇ ಇಳಿದು, ಹಿಂದಿನ ಸೀಟಿನಿಂದ ಬಿಜ್ಜರಗಿಯ ಮುದಿ ಕುರಿಗಾರನೊಬ್ಬನನ್ನು ಎತ್ತಿಕೊಂಡ. ಮುದುಕನ ಎಡಗಾಲು ಮೊಣಕಾಲಿನ ಕೆಳಗೆ ಜೋತಾಡುತ್ತಿತ್ತು. ಎತ್ತಿಕೊಂಡವನ ಮುಖ ನನಗೆ ಗೊತ್ತಿತ್ತು. ಗೋಡೆಗೋಡೆಯ ಮೇಲೂ ಅವನ ನಾಟಕ ಕಂಪನಿಯ ಪೋಸ್ಟರುಗಳಿದ್ದವು. ನಟನೂ ಅವನೇ, ಮಾಲೀಕನೂ ಅವನೇ.

"ಅಥಣಿ ರಸ್ತೇದಾಗ ನನ್ನ ಗಾಡಿ ಬಡೀತ್ರಿ. ಮೊದಲ ಇವರ್ನ ಉಳಸ್ರಿ," ಎಂದ. ಬಾಯಿ ತೆರೆದರೆ ಸಾರಾಯಿಯ ವಾಸನೆ. ನಾನು ಮುಖ ತಿರುಗಿಸಿದ್ದು ಅವನಿಗೆ ತಿಳಿಯಿತು. "ನಾ ಕುಡದೇನ್ರಿ. ಬರ್ಕೊಳ್ರಿ," ಎಂದು ಕಣ್ಣೀರು ಹಾಕಿದ. ನಾನು ಬರೆದುಕೊಂಡೆ.

ಕೆಲವು ತಿಂಗಳ ನಂತರ ಸಾಕ್ಷಿ ಹೇಳಲು ವಿಜಾಪುರದ ಕೋರ್ಟಿಗೆ ಕರೆಸಿದರು. ಅಂದು ಮೊದಲು ಬಂದದ್ದು ಬಬಲೇಶ್ವರದ ಲಾರಿ ಡ್ರೈವರನೊಬ್ಬನ ಕೇಸು. ಕುಡಿದು ಓಡಿಸಿ, ಕೈಗಾಡಿಯವನ ತೋಳು ಮುರಿದಿದ್ದ. ಅವನಿಗೆ ವಕೀಲರಿರಲಿಲ್ಲ. "ಕುಡದಿದ್ದೆ ಸಾಹೇಬ್ರ, ತಪ್ಪಾಗೇತ್ರಿ," ಎಂದು ಕೈಮುಗಿದ. ಮೂರು ತಿಂಗಳ ಸಜೆಯಾಯಿತು. ಬಾಗಿಲ ಬಳಿ ನಿಂತಿದ್ದ ಅವನ ಹೆಂಡತಿಗೆ ಏನು ನಡೆಯಿತೆಂದೇ ತಿಳಿಯಲಿಲ್ಲ.

ಆಮೇಲೆ ನಟ. ಅವನನ್ನು ನೋಡಲು ಜನ ಕಿಟಕಿಗೆ ಜೋತುಬಿದ್ದಿದ್ದರು. ನಾನು ಕಂಡದ್ದನ್ನೂ ಕೇಳಿದ್ದನ್ನೂ ಹೇಳಿದೆ. ಕೆಮ್ಮಿನ ಔಷಧಿಗೂ ಅಂಥದೇ ವಾಸನೆ ಇರುವುದಿಲ್ಲವೇ ಎಂದು ಅವನ ವಕೀಲರು ಕೇಳಿದರು. ನಟ ನೆಲ ನೋಡುತ್ತ ನಿಂತಿದ್ದ. ಕೋಲೂರಿ ಬಂದ ಮುದುಕ, "ಧಣ್ಯಾರ ತಪ್ಪಿಲ್ರಿ. ಕುರಿ ನುಗ್ಗಿದ್ವು, ನಾ ಅಡ್ಡ ಹ್ವಾದೆ," ಎಂದ. ಅಂದು ಡಾಕ್ಟರ ತಪಾಸಣೆ, ರಕ್ತಪರೀಕ್ಷೆ ಯಾವುದೂ ಆಗಿರಲಿಲ್ಲವಾದ್ದರಿಂದ ಕುಡಿದದ್ದು ಸಾಬೀತಾಗಲಿಲ್ಲ. ಅಜಾಗರೂಕತೆಗೆ ದಂಡ, ಆ ದಿನದ ಕೋರ್ಟು ಮುಗಿದು ಏಳುವವರೆಗೆ ಅಲ್ಲಿಯೇ ಇರಬೇಕೆಂಬ ಶಿಕ್ಷೆ. ಯಾರೋ ಅವನಿಗೆ ಕುರ್ಚಿ ತಂದುಕೊಟ್ಟರು.

ಹೊರಗೆ ಮುದುಕನನ್ನು ಕೇಳಿದೆ, "ಯಾಕ ಹಂಗ ಹೇಳಿದ್ರಿ?"

"ಬಿಟ್ಟ ಹೋಗಿದ್ರ ನಾ ಅಲ್ಲೇ ಸಾಯ್ತಿದ್ನೆವಾ. ಎತ್ತಿಕೊಂಡ ಬಂದಾರ. ದವಾಖಾನಿ ಖರ್ಚ ಎಲ್ಲಾ ಅವರ್ದ," ಎಂದ.

ಈಗಲೂ ಆ ಮುದುಕನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಿಜ ಹೇಳಿದ ಡ್ರೈವರ್ ಒಳಗೆ ಹೋಗಿ, ಕೋರ್ಟಿನಲ್ಲಿ ಸುಮ್ಮನಿದ್ದ ನಟ ಮನೆಗೆ ಹೋದದ್ದನ್ನು ನ್ಯಾಯವೆಂದು ಒಪ್ಪಿಕೊಳ್ಳಲು ನನ್ನಿಂದ ಆಗಿಲ್ಲ.

ಬಸ್ ನಿಲ್ದಾಣದಲ್ಲಿ ಡ್ರೈವರನ ಹೆಂಡತಿ ನನ್ನ ಪಕ್ಕದಲ್ಲಿ ಬಂದು ಕೂತಳು. "ಆ ದೊಡ್ಡ ಮನಶ್ಯಾಗೂ ಮೂರ ತಿಂಗಳಾ ಆತೇನ್ರಿ ಬಾಯಾರ?"

"ಇಲ್ಲವಾ, ದಂಡ."

"ನಮಗ್ಯಾಕ ದಂಡ ಹಾಕ್ಲಿಲ್ಲ?"

ಅಷ್ಟರಲ್ಲಿ ಬಬಲೇಶ್ವರದ ಬಸ್ಸು ಬಂತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹತ್ತಿಹೋದಳು.

ತಿಕೋಟಾದಲ್ಲಿ ಸುದ್ದಿ ನನಗಿಂತ ಮುಂಚೆ ತಲುಪಿತ್ತು. ಅಂಥ ಕಲಾವಿದನ ಮೇಲೆ ಸಾಕ್ಷಿ ಹೇಳಿದವಳೆಂದು ನೀರಿನ ಸರದಿಯಲ್ಲಿ ಹೆಂಗಸರು ಮಾತು ನಿಲ್ಲಿಸಿದರು. ದವಾಖಾನೆಯಲ್ಲಿ ಡಾಕ್ಟರು ಕೆಲಸದ ಮಾತಷ್ಟೇ ಆಡಿದರು. ಅಜ್ಜಿ ಮಾತ್ರ ಬಾಗಿಲಿಗೆ ಬಂದು, "ಖರೇ ಹೇಳೀದಿ ಬೇ. ಆದ್ರ ಈ ಊರಾಗ ನೀ ಒಬ್ಬಾಕೀನ ಇರಬೇಕಲ್ಲ," ಎಂದಳು.

ಡ್ರೈವರನ ಹೆಂಡತಿ ಕೇಳಿದ ಪ್ರಶ್ನೆ ಮನಸ್ಸಿನಿಂದ ಹೋಗಲಿಲ್ಲ; ಅವಳನ್ನು ಕಾಣಲೆಂದು ಮುಂದಿನ ರಜೆಯ ದಿನ ಬಬಲೇಶ್ವರಕ್ಕೆ ಹೋದೆ. ವಿಚಾರಿಸುತ್ತ ಡ್ರೈವರನ ಮನೆ ಹುಡುಕಿದೆ. ಬಾಗಿಲಿಗೆ ಬೀಗ. "ಮಕ್ಕಳನ್ನ ಕರಕೊಂಡು ತೌರಿಗೆ ಹೋಗ್ಯಾಳ. ನೀವು ಯಾರ್ರಿ, ಸಂಬಂಧಿಕರೇನ್ರಿ?" ಎಂದು ಎದುರು ಮನೆಯವಳು ಕೇಳಿದಳು. ಅಲ್ಲವೆಂದೆ. ಮರಳಿ ಹೋಗುವ ಬಸ್ಸು ಸಂಜೆಗಿತ್ತು. ಅಲ್ಲಿಯವರೆಗೆ ಬೀಗ ಹಾಕಿದ ಆ ಮನೆಯ ಕಟ್ಟೆಯ ಮೇಲೆ ಕೂತಿದ್ದೆ.